ಜಮಖಾನೆಯ ಅಳತೆಗೆ ಒಂದು ಮರದ ಪೆಟ್ಟಿಗೆ

ಶಿವಮೊಗ್ಗದಿಂದ ಸವಳಂಗದ ಮೇಲೆ ನ್ಯಾಮತಿಗೆ ಬರುವಾಗ ಮಲೆನಾಡು ಮುಗಿದು ಬಯಲು ತೊಡಗುವುದು ಬಸ್ಸಿನ ಕಿಟಕಿಯಲ್ಲೇ ಗೊತ್ತಾಗುತ್ತದೆ. ಗುಡ್ಡಗಳು ಹಿಂದೆ ಸರಿಯುತ್ತವೆ, ಅಡಿಕೆ ತೋಟಗಳ ನಡುವೆ ಮೆಕ್ಕೆಜೋಳದ ಹೊಲಗಳು ಅಗಲವಾಗುತ್ತ ಹೋಗುತ್ತವೆ. ಎರಡು ಸೀಮೆಗಳ ಸರಕು ಕೈಬದಲಾಗುವ ಪೇಟೆಯಾಗಿ ಬೆಳೆದ ಊರು ಇದು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹೊನ್ನಾಳಿ ತಾಲ್ಲೂಕಿನ ಜೊತೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಈಗ ನ್ಯಾಮತಿಯೇ ಒಂದು ತಾಲ್ಲೂಕು ಕೇಂದ್ರ. ಬಡಗಿ ಕೆಲಸಕ್ಕೆ ಇಂಥ ಗಡಿಯ ಊರು ಹೇಳಿ ಮಾಡಿಸಿದ ಜಾಗ. ಮರ ಒಂದು ಕಡೆಯಿಂದ ಬರುತ್ತದೆ, ಮನೆ ಕಟ್ಟುವವರು ಇನ್ನೊಂದು ಕಡೆಯಿಂದ ಬರುತ್ತಾರೆ.

ನಾನು ಬಂದದ್ದು ಬಾಗಿಲು ಕಿಟಕಿ ನೋಡಲಿಕ್ಕಲ್ಲ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ತಗಡಿನ ಸೂರಿನ ಒಂದು ಮರಗೆಲಸದ ಶೆಡ್ಡು. ಗೋಡೆಗೆ ಒರಗಿಸಿದ ಚೌಕಟ್ಟುಗಳು, ಮೂಲೆಯಲ್ಲಿ ಅರ್ಧ ಕೆತ್ತಿದ ದೇವರ ಮಂಟಪ, ಕಾಲಿಟ್ಟಲ್ಲೆಲ್ಲ ಹೊಟ್ಟು. ಕೆಲಸದ ಮೇಜಿನ ಒಂದು ತುದಿಯಲ್ಲಿ ಉದ್ದ ಒಂದೂಕಾಲು ಅಡಿಯೂ ಇಲ್ಲದ ತೇಗದ ಪೆಟ್ಟಿಗೆ. ಅದರ ಮುಚ್ಚಳದ ತುಂಬ ತೂತುಗಳು. ಅದರ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಬ್‌ಗಳು, ಬಟನ್‌ಗಳು, ಬಣ್ಣಬಣ್ಣದ ತಂತಿ. ಪೆಟ್ಟಿಗೆ ಮಾಡಿಸುತ್ತಿರುವ ಹುಡುಗ ಡಿಪ್ಲೊಮಾ ಓದಿದವನು, ಊರಿನ ಭಜನಾ ತಂಡದಲ್ಲಿ ಹಾರ್ಮೋನಿಯಂ ನುಡಿಸುವವನು. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಂಡಿದ್ದಾನೆ. “ಆಚಾರ್ರೇ, ಈ ತೂತು ಇನ್ನೊಂಚೂರು ಅಗಲ ಬೇಕಲ್ಲ?” ಎಂದು ಅವನು ಕೇಳಿದರೆ, “ಮೊದ್ಲು ಗುಂಡಿ ಕೊಡಪ್ಪ ಇಲ್ಲಿ, ಅಗಲ ಅದೇ ಹೇಳ್ತದೆ” ಎಂದು ಶೆಡ್ಡಿನ ಬಡಗಿ ಆಚಾರ್ರು ಕೈ ಚಾಚುತ್ತಾರೆ.

ಈ ಪೆಟ್ಟಿಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ಹೇಳಬೇಕು. ಇದನ್ನು ಕಂಟ್ರೋಲರ್ ಎನ್ನುತ್ತಾರೆ. ಇದಕ್ಕೆ ಸ್ವಂತ ದನಿ ಇಲ್ಲ. ನಾಬ್ ತಿರುಗಿಸಿದರೆ, ಬಟನ್ ಒತ್ತಿದರೆ, ಫೇಡರ್ ಸರಿಸಿದರೆ ಯಾವ ನಾಬ್, ಎಷ್ಟು ತಿರುಗಿತು ಎಂಬ ಸಂದೇಶವನ್ನಷ್ಟೇ ಲ್ಯಾಪ್‌ಟಾಪಿಗೋ ಫೋನಿಗೋ ಕಳಿಸುತ್ತದೆ. ದನಿ ಹುಟ್ಟುವುದು ಅಲ್ಲಿನ ಸಾಫ್ಟ್‌ವೇರಿನಲ್ಲಿ. ಈ ಸಂದೇಶಗಳ ಭಾಷೆಯ ಹೆಸರು ಮಿಡಿ. 1983ರಲ್ಲಿ ಬೇರೆ ಬೇರೆ ಕಂಪನಿಗಳು ಒಪ್ಪಿಕೊಂಡು ತಂದದ್ದು. ಅದರ ಹಿಂದೆ ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಇಬ್ಬರ ದುಡಿಮೆ ದೊಡ್ಡದು. ಒಂದು ನಾಬ್‌ನ ಪೂರ್ತಿ ತಿರುವು ಈ ಭಾಷೆಯಲ್ಲಿ 0ಯಿಂದ 127ರವರೆಗಿನ ಒಂದು ಸಂಖ್ಯೆ, ಅಷ್ಟೇ. ನಲವತ್ತು ವರ್ಷ ದಾಟಿದರೂ ಜಗತ್ತಿನ ಸ್ಟುಡಿಯೋಗಳೆಲ್ಲ ಇದೇ ಲೆಕ್ಕದ ಮೇಲೆ ನಡೆಯುತ್ತಿವೆ.

ದನಿಯೇ ಇಲ್ಲದ ವಸ್ತುವಿಗೆ ಮರ ಯಾಕೆ? ವೀಣೆಯ ಕೊಡಕ್ಕೆ ಹಲಸು ಬೇಕು, ಮೃದಂಗದ ಒಡಲಿಗೂ ಹಲಸು ಬೇಕು; ಅಲ್ಲಿ ಮರವೇ ನಾದದ ಅರ್ಧ. ಕಂಟ್ರೋಲರನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದರೂ ತಗಡಿನಲ್ಲಿ ಮಾಡಿದರೂ ಕೇಳುವವನ ಕಿವಿಗೆ ವ್ಯತ್ಯಾಸವಿಲ್ಲ. ಆ ಹುಡುಗ ಕೊಟ್ಟ ಉತ್ತರ ಸರಳವಾಗಿತ್ತು: ಅಂಗಡಿಯಲ್ಲಿ ಸಿಗುವ ಕಂಟ್ರೋಲರ್‌ಗಳೆಲ್ಲ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತು ನುಡಿಸುವವರಿಗೆ ಮಾಡಿದವು. ಅವನು ಕೂರುವುದು ದೇವಸ್ಥಾನದ ಹಜಾರದ ಜಮಖಾನೆಯ ಮೇಲೆ, ಚಕ್ಕಳಮಕ್ಕಳ ಹಾಕಿ. ಅಲ್ಲಿ ಆ ಚಪ್ಪಟೆ ಪೆಟ್ಟಿಗೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಬೆನ್ನು ಬಾಗಬೇಕು, ನಾಬ್‌ನ ಮೇಲಿನ ಗುರುತು ಕಾಣುವುದಿಲ್ಲ. ಅವನಿಗೆ ಬೇಕಾದದ್ದು ತನ್ನ ಮೊಣಕಾಲಿನ ಅಳತೆಗೆ, ತನ್ನ ಕಣ್ಣಿನ ಓರೆಗೆ ಹೊಂದುವ ಪೆಟ್ಟಿಗೆ. ಒಂದೇ ಒಂದು ಪೆಟ್ಟಿಗೆಯನ್ನು ಹೇಳಿದ ಅಳತೆಗೆ ಮಾಡಿಕೊಡಬಲ್ಲವರು ನಮ್ಮ ಊರುಗಳಲ್ಲಿ ಬಡಗಿಗಳೇ. ಪ್ಲಾಸ್ಟಿಕ್ಕಿನ ಅಚ್ಚು ಸಾವಿರಗಟ್ಟಲೆ ಮಾಡಿದರೆ ಮಾತ್ರ ಗಿಟ್ಟುತ್ತದೆ.

ಈ ಮಾತು ಕೇಳುತ್ತಿದ್ದಂತೆ ನನಗೆ ಹಾರ್ಮೋನಿಯಂನ ಚರಿತ್ರೆ ಕಣ್ಣ ಮುಂದೆ ಬಂತು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆನ್ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತಿದಿ ಒತ್ತುವ, ಕುರ್ಚಿಯಲ್ಲಿ ಕೂತು ನುಡಿಸುವ ವಾದ್ಯ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದರ ಕಾಲು ಕತ್ತರಿಸಿ, ತಿದಿಯನ್ನು ಹಿಂಬದಿಗೆ ತಂದು, ಎಡಗೈಯಲ್ಲಿ ಗಾಳಿ ಹಾಕಿ ಬಲಗೈಯಲ್ಲಿ ನುಡಿಸುವಂತೆ ನೆಲದ ಮೇಲೆ ಕೂರಿಸಿದರು. ಒಳಗಿನ ರೀಡುಗಳ ತತ್ತ್ವ ಅದೇ ಉಳಿಯಿತು. ಬದಲಾದದ್ದು ಮರದ ಪೆಟ್ಟಿಗೆ. ಅದು ಬದಲಾದ್ದರಿಂದಲೇ ಈ ಪರದೇಶಿ ವಾದ್ಯ ನಮ್ಮ ಮಠ, ಮಂದಿರ, ಭಜನೆ, ಕೀರ್ತನೆಗಳೊಳಗೆ ಬಂದು ಕೂತಿತು. ಕಂಪನಿ ನಾಟಕಗಳಲ್ಲಿ ಮಾತ್ರ ಕಾಲಿನಿಂದ ತಿದಿ ಒತ್ತುವ ಲೆಗ್ ಹಾರ್ಮೋನಿಯಂ ಉಳಿದುಕೊಂಡಿತು, ಏಕೆಂದರೆ ಅಲ್ಲಿ ಮಾಸ್ತರರು ರಂಗದ ಪಕ್ಕ ಕುರ್ಚಿ ಹಾಕಿ ಎರಡೂ ಕೈಯಲ್ಲಿ ನುಡಿಸುತ್ತ ಪಾತ್ರಧಾರಿಯ ಮುಖ ನೋಡುತ್ತಿರಬೇಕು. ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯ ಊರುಗಳಿವು. ಲೆಗ್ ಹಾರ್ಮೋನಿಯಂ ಕಂಡ ಹಿರಿಯರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಕೂರುವ ರೀತಿ ಪೆಟ್ಟಿಗೆಯನ್ನು ರೂಪಿಸುತ್ತದೆ. ಹಾರ್ಮೋನಿಯಂಗೆ ಆದದ್ದು ಕಂಟ್ರೋಲರ್‌ಗೂ ಆಗಬೇಕು, ಮತ್ತು ಅದು ಇಂಥ ಶೆಡ್ಡುಗಳಲ್ಲೇ ಆಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಆಚಾರ್ರು ಅಳತೆ ತೆಗೆದದ್ದು ನೋಡುವ ಹಾಗಿತ್ತು. ಹುಡುಗನನ್ನು ನೆಲದ ಮೇಲೆ ಕೂರಿಸಿದರು. ಒಂದು ಹಲಗೆಯ ತುಂಡನ್ನು ಅವನ ಮುಂದಿಟ್ಟು ಹಿಂಬದಿಗೆ ಚಕ್ಕೆಗಳನ್ನು ಒಂದೊಂದಾಗಿ ಸೇರಿಸುತ್ತ ಎತ್ತರಿಸಿದರು. ಮಣಿಕಟ್ಟು ಮಡಚದೆ ಬೆರಳು ಹಲಗೆಗೆ ತಾಗಿದಾಗ ನಿಲ್ಲಿಸಿ ಪೆನ್ಸಿಲ್ ಗೀರು ಹಾಕಿದರು. ಮುಂಬದಿ ಗಿಡ್ಡ, ಹಿಂಬದಿ ಅದರ ಎರಡರಷ್ಟಕ್ಕಿಂತ ಹೆಚ್ಚು ಎತ್ತರ. ಮುಂದಿನ ಅಂಚನ್ನು ಉಜ್ಜುಗೊರಡಿನಿಂದ ದುಂಡಗೆ ಮಾಡಿದರು, ಗಂಟೆಗಟ್ಟಲೆ ಅಂಗೈ ಅಲ್ಲಿ ಒರಗಬೇಕಲ್ಲ. ಕಂಪನಿಗಳು ಇದಕ್ಕೆ ದೊಡ್ಡ ಹೆಸರುಗಳನ್ನಿಟ್ಟಿರಬಹುದು. ಪೂಜೆಯ ಮಣೆ, ವ್ಯಾಸಪೀಠ, ಲೆಕ್ಕ ಬರೆಯುವ ಡೆಸ್ಕು ಮಾಡಿದ ಕೈಗೆ ಇದು ಹೊಸ ವಿದ್ಯೆಯಲ್ಲ.

ಮರದ ಆಯ್ಕೆಯ ಮಾತು ಬಂದಾಗ ಅವರ ದನಿಯೇ ಬದಲಾಯಿತು. ಹಲಸು ಚೆಂದ, ಆದರೆ ಇಷ್ಟು ಸಣ್ಣ ಕೆಲಸಕ್ಕೆ ಭಾರ. ಹೊನ್ನೆ ಗಟ್ಟಿ, ಆದರೆ ನೀರು ತಾಗಿದರೆ ಬಣ್ಣ ಬಿಡುವ ಮರ. ಬೆವರುವ ಕೈಗೆ ಸಲ್ಲದು. ಶಿವನೆ ಹಗುರ, ಕೆತ್ತಲು ಸಲೀಸು, ಬಾಗುವುದು ಕಡಿಮೆ. ಸಿಕ್ಕರೆ ಅದೇ ಒಳ್ಳೆಯದು. ಬೀಟೆಯ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಬೀಟೆ ಸೇರಿದ ಡಾಲ್ಬರ್ಜಿಯ ಕುಲದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ; ನಮ್ಮಲ್ಲೂ ಅರಣ್ಯ ಇಲಾಖೆಯ ಕಾಗದವಿಲ್ಲದ ತುಂಡನ್ನು ಮುಟ್ಟಬಾರದು. ಕೊನೆಗೆ ಅವರು ಆರಿಸಿದ್ದು ಕೆಡವಿದ ಹಳೆಯ ಮನೆಯೊಂದರ ತೇಗದ ಕಿಟಕಿ ಚೌಕಟ್ಟು. ಹೊಸದಾಗಿ ಕೊಯ್ದ ಹಲಗೆ ನೆರಳಿನಲ್ಲಿ ಒಣಗಲು ಒಂದಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಹತ್ತಾರು ಮಳೆಗಾಲ ಕಂಡ ಚೌಕಟ್ಟು ಕುಗ್ಗುವಷ್ಟು ಕುಗ್ಗಿ ಮುಗಿಸಿರುತ್ತದೆ. ಒಳಗೆ ಮುರಿದು ಉಳಿದ ಮೊಳೆಗಳನ್ನು ಮಾತ್ರ ಹುಡುಕಿ ಕೀಳಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ. ಕೆಚ್ಚಿಲ್ಲದ ಹೊರಭಾಗವನ್ನು ಅವರು ಕೊಯ್ದು ಪಕ್ಕಕ್ಕೆಸೆದರು. ಹುಳು ಮೊದಲು ಹಿಡಿಯುವುದು ಅದನ್ನೇ.

ಇನ್ನು ಈ ಕಸುಬಿನ ನಿಜವಾದ ಕಗ್ಗಂಟು. ನಾಬ್‌ನ ಕೆಳಗಿರುವ ಪೊಟೆನ್ಶಿಯೊಮೀಟರ್‌ಗೆ ಥ್ರೆಡ್ ಇರುವ ಒಂದು ಕುತ್ತಿಗೆ ಇರುತ್ತದೆ. ಸಾಮಾನ್ಯವಾಗಿ ಸಿಗುವುದರಲ್ಲಿ ಅದರ ಅಗಲ 7 ಮಿ.ಮೀ., ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ವಾಷರ್ ಮತ್ತು ನಟ್ ಕೂರಲು ಅದರಲ್ಲಿ ಅರ್ಧ ಬೇಕು. ಉಳಿಯುವುದು 3 ಮಿ.ಮೀ.ಯಷ್ಟು. ಅಂದರೆ ತಗಡಿನ ಮುಚ್ಚಳಕ್ಕೆಂದೇ ಮಾಡಿದ ವಸ್ತು ಅದು. ಮರವನ್ನು 3 ಮಿ.ಮೀ.ಗೆ ಇಳಿಸಿದರೆ ಎಳೆಯ ದಿಕ್ಕಿನಲ್ಲಿ ಸೀಳುತ್ತದೆ; ದಪ್ಪ ಇಟ್ಟರೆ ನಟ್ ಹಿಡಿಯುವುದಿಲ್ಲ. ಸುಲಭದ ದಾರಿಗಳಿವೆ. ಮೇಲ್ಭಾಗಕ್ಕೆ 3 ಮಿ.ಮೀ. ಪ್ಲೈವುಡ್ ಹಾಕಬಹುದು, ಅಥವಾ ಅಲ್ಯುಮಿನಿಯಂ ತಗಡು ಹಾಕಿ ಸುತ್ತ ಮಾತ್ರ ಮರ ಕಟ್ಟಬಹುದು. ಹೆಚ್ಚಿನವರು ಮಾಡುವುದು ಹೀಗೆಯೇ.

ಆಚಾರ್ರು ಎರಡನ್ನೂ ಒಪ್ಪಲಿಲ್ಲ. 9 ಮಿ.ಮೀ. ದಪ್ಪದ ತೇಗವನ್ನು ಹಾಗೇ ಉಳಿಸಿ, ಪ್ರತಿ ನಾಬ್‌ನ ಜಾಗದಲ್ಲಿ ಒಳಬದಿಯಿಂದ 25 ಮಿ.ಮೀ. ಅಗಲದ ಗುಳಿ ತೋಡಿದರು, ಮೇಲೆ 3 ಮಿ.ಮೀ. ಮಾತ್ರ ಉಳಿಯುವಂತೆ. ಡ್ರಿಲ್‌ನ ಬಿಟ್ಟಿಗೆ ಆಳದ ಗುರುತಾಗಿ ಬಣ್ಣದ ಟೇಪು ಸುತ್ತಿದ್ದರು. ಕೊನೆಯ ಅರ್ಧ ಮಿ.ಮೀ.ಯನ್ನು ಉಳಿಯಲ್ಲಿ ಕೆರೆದರು. ಆಮೇಲೆ 7 ಮಿ.ಮೀ. ತೂತು, ಅಡಿಗೆ ರದ್ದಿ ಹಲಗೆ ಒತ್ತಿಟ್ಟು, ಹೊರಬದಿಯ ಎಳೆ ಕಿತ್ತು ಬರದಂತೆ. ಸುತ್ತ ದಪ್ಪ ಮರ ಇರುವುದರಿಂದ ನಡುವಿನ ತೆಳು ಭಾಗ ಸೀಳುವುದಿಲ್ಲ. ಬೆರಳಲ್ಲಿ ಬಡಿದು ನೋಡಿದೆ. ಎಲ್ಲೂ ಟೊಳ್ಳು ಎನಿಸಲಿಲ್ಲ. ಪ್ಲೈವುಡ್ಡಿನ ಮುಚ್ಚಳ ಬಟನ್ ಒತ್ತಿದಾಗಲೆಲ್ಲ ಸ್ವಲ್ಪ ಜಗ್ಗುತ್ತದೆ, ತಾಳ ಹಿಡಿಯುವ ಕೈಗೆ ಆ ಜಗ್ಗು ತಿಳಿಯುತ್ತದೆ. ಈ ಗುಳಿ ತೋಡುವ ಕ್ರಮವೇ ಶ್ರೇಷ್ಠ ಎಂದು ನಾನು ಹಿಂಜರಿಯದೆ ಹೇಳುತ್ತೇನೆ, ಸಮಯ ಮೂರರಷ್ಟು ಹಿಡಿದರೂ.

ಬಟನ್‌ಗಳದು ಬೇರೆ ಕಥೆ. ವಿಡಿಯೋ ಗೇಮಿನ ಯಂತ್ರಗಳಿಗೆ ಮಾಡಿದ ದುಂಡನೆಯ ಬಟನ್‌ಗಳು 24 ಮಿ.ಮೀ. ತೂತು ಬೇಡುತ್ತವೆ. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16. ಆದಿತಾಳದ ಎರಡು ಆವರ್ತವನ್ನು ಎದುರಿಗೇ ಹಾಸಿಟ್ಟಂತೆ ಕಾಣುತ್ತದೆ ಎಂದು ಹುಡುಗ ಅದನ್ನು ಆರಿಸಿಕೊಂಡಿದ್ದ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 32 ಮಿ.ಮೀ. ಇಟ್ಟಿದ್ದಾರೆ. ಅದಕ್ಕಿಂತ ಹತ್ತಿರವಾದರೆ ಎರಡು ಬೆರಳು ಒಂದಕ್ಕೊಂದು ತಾಗುತ್ತವೆ. ಫೇಡರಿನ ಸೀಳು ಎಲ್ಲಕ್ಕಿಂತ ಕಷ್ಟ: 60 ಮಿ.ಮೀ. ಓಡಾಟಕ್ಕೆ ಸಣ್ಣನೆಯ ನೇರ ಸೀಳು ಬೇಕು, ಎರಡು ತುದಿಗೂ ತೂತು ಕೊರೆದು ನಡುವೆ ಸಣ್ಣ ಗರಗಸ ಆಡಿಸಿ, ಮರಳುಕಾಗದವನ್ನು ಮಡಚಿ ಉಜ್ಜಬೇಕು. ಒಂಚೂರು ಡೊಂಕಾದರೂ ಕಣ್ಣಿಗೆ ಹೊಡೆಯುತ್ತದೆ.

ಮಳೆಗಾಲದ ಮಾತನ್ನು ಆಚಾರ್ರು ತಾವಾಗಿಯೇ ತೆಗೆದರು. “ಆಷಾಢದಾಗೆ ಬಾಗ್ಲು ಬಿಗಿಯಾಗ್ತಾವಲ್ರೀ, ಮರ ದೊಡ್ದಿರ್ಲಿ ಸಣ್ದಿರ್ಲಿ, ಅದ್ರ ಬುದ್ಧಿ ಒಂದೇ.” ಮರ ಎಳೆಯ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಮೇಲಿನ ಹಲಗೆಯನ್ನು ಅವರು ನಾಲ್ಕೂ ಕಡೆ ಅಂಟು ಹಾಕಿ ಬಿಗಿಯಲಿಲ್ಲ. ಪಕ್ಕದ ಹಲಗೆಗಳ ಒಳಗೆ ಗಾಡಿ ಕೊರೆದು, ಅದರಲ್ಲಿ ಕೂರಿಸಿ, ಮುಂದಿನ ಅಂಚಿಗೆ ಮಾತ್ರ ಅಂಟು ಕೊಟ್ಟರು. ಹಿಂದಿನ ಅಂಚು ತನಗೆ ಬೇಕಾದ ಹಾಗೆ ಕೂದಲೆಳೆಯಷ್ಟು ಸರಿಯಬಹುದು. ಮೂಲೆಗಳನ್ನು ಮೊಳೆ ಹೊಡೆಯದೆ ಕಚ್ಚು ಹಾಕಿ ಕೂಡಿಸಿದರು. ಅಡಿಯ ಹಲಗೆ ಪೂರ್ತಿ ಸ್ಕ್ರೂ ಮೇಲೆಯೇ ನಿಲ್ಲುತ್ತದೆ, ಅಂಟಿಲ್ಲ. ತಂತಿ ಬಿಟ್ಟರೆ ಬಿಚ್ಚಿ ಬೆಸೆಯಬೇಕಲ್ಲ. ರಿಪೇರಿಗೆ ಬಾರದ ಹಾಗೆ ಅಂಟಿಸಿ ಮುಚ್ಚಿದ ಯಂತ್ರಗಳ ಈ ಕಾಲದಲ್ಲಿ ನಾಲ್ಕು ಸ್ಕ್ರೂಗಳ ಈ ಅಡಿಹಲಗೆ ನನಗೆ ತುಂಬ ಗೌರವದ ವಸ್ತುವಾಗಿ ಕಂಡಿತು.

ಒಳಗಿನ ಎಲೆಕ್ಟ್ರಾನಿಕ್ಸ್ ಬೆರಳುದ್ದದ ಒಂದು ಬೋರ್ಡು. ಯು.ಎಸ್.ಬಿ.ಯಲ್ಲಿ ನೇರವಾಗಿ ಮಾತಾಡಬಲ್ಲ ಎಟಿಮೆಗಾ 32ಯು4 ಚಿಪ್ ಅದರಲ್ಲಿದೆ. ಆರು ನಾಬ್, ಎರಡು ಫೇಡರ್‌ಗಳಿಗೆ ಎಂಟು ಪಿನ್ನು. 16 ಬಟನ್‌ಗಳನ್ನು ನಾಲ್ಕು ಅಡ್ಡ ನಾಲ್ಕು ಉದ್ದ ತಂತಿಗಳ ಜಾಲದಲ್ಲಿ ಕಟ್ಟಿರುವುದರಿಂದ ಅವಕ್ಕೂ ಎಂಟೇ ಪಿನ್ನು. ಲ್ಯಾಪ್‌ಟಾಪಿನ ಕೇಬಲ್ಲಿನಿಂದಲೇ 5 ವೋಲ್ಟ್ ವಿದ್ಯುತ್ತು ಬರುತ್ತದೆ. ಬಿಸಿಯಾಗುವಂಥದ್ದು ಏನೂ ಇಲ್ಲ, ಹಾಗಾಗಿ ಗಾಳಿಗಂಡಿ ಬೇಡ. ಸುಗ್ಗಿಯಲ್ಲಿ ಮೆಕ್ಕೆಜೋಳದ ರಾಶಿ ಮಾಡುವಾಗ ಹಾರುವ ದೂಳು ಗೊತ್ತಿದ್ದವರು ಇಲ್ಲಿ ಗಂಡಿ ಕೊರೆಯುವುದೂ ಇಲ್ಲ. ಕೊನೆಗೆ ಅರಗಿನ ಪಾಲಿಶ್, ತೆಳುವಾಗಿ, ಒಣಗಿಸಿ ಮತ್ತೆ ತೆಳುವಾಗಿ. ನಾಬ್‌ಗಳ ಕೆಳಗೆ ಕಾದ ಸೂಜಿಯಿಂದ ಕನ್ನಡದಲ್ಲಿ ಸುಟ್ಟು ಬರೆದಿದ್ದಾರೆ: ಶ್ರುತಿ, ತಾಳ, ಕಾಲ, ಮಂದ್ರ.

ಯಂತ್ರಸಂಗೀತಕ್ಕೆ ಮರದ ಒಡಲು ಕೊಡುವುದು ಹೊಸ ಮಾತೇನಲ್ಲ. 1970ರಲ್ಲಿ ಬಂದ ಮಿನಿಮೂಗ್ ಸಿಂಥಸೈಜರ್ ಮರದ ಪೆಟ್ಟಿಗೆಯಲ್ಲೇ ಬಂತು. ಅದಕ್ಕೂ ಮೊದಲು, 1969ರಲ್ಲೇ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇಟ್ಟು ಒಂದು ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ನಡೆಸಿದ್ದರು. 2006ರಲ್ಲಿ ಅಮೆರಿಕದ ಮೊನೋಮ್ ಎಂಬ ಪುಟ್ಟ ಸಂಸ್ಥೆ 64 ಬಟನ್‌ಗಳ ಕಂಟ್ರೋಲರ್ ತಂದಿತು, ಮುಂದೆ ಅದನ್ನು ವಾಲ್‌ನಟ್ ಮರದಲ್ಲಿ ಕೂರಿಸಿತು. ಸ್ವಲ್ಪವೇ ಮಾಡಿ ಮಾರುವುದು, ಒಳಗಿನ ವಿನ್ಯಾಸವನ್ನು ಮುಚ್ಚಿಡದಿರುವುದು ಅವರ ಕ್ರಮ. ಮನೆಯಲ್ಲೇ ಕಂಟ್ರೋಲರ್ ಕಟ್ಟುವ ಎಷ್ಟೋ ಮಂದಿಗೆ ಧೈರ್ಯ ಬಂದದ್ದು ಅಂಥವರಿಂದ. ನಮ್ಮ ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ 1979ರಲ್ಲಿ ರಾಡೆಲ್ ಸಂಸ್ಥೆ ಕಟ್ಟಿದರು. ಅವರು ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ತಂಬೂರಿ, ತಬಲಾಗಳು ಕಚೇರಿಯ ಜಮಖಾನೆಯ ಮೇಲೆ ಬಂದು ಕೂತದ್ದರಲ್ಲಿ ಅವರ ಪಾಲು ದೊಡ್ಡದು. ಹಾಡುವವನ ಪಕ್ಕ ನೆಲದ ಮೇಲೆ ಇಡುವ ಎಲೆಕ್ಟ್ರಾನಿಕ್ ವಾದ್ಯ ಹೇಗಿರಬೇಕು ಎಂಬ ಪ್ರಶ್ನೆಯನ್ನು ಕನ್ನಡನಾಡು ಆಗಲೇ ಎತ್ತಿಕೊಂಡಿದೆ. ನ್ಯಾಮತಿಯ ಈ ಪೆಟ್ಟಿಗೆ ಆ ಪ್ರಶ್ನೆಯ ಮುಂದಿನ ಹೆಜ್ಜೆ.

ಸಂಜೆ ದೇವಸ್ಥಾನದ ಹಜಾರದಲ್ಲಿ ಅದನ್ನು ಹಚ್ಚಿ ನೋಡಿದರು. ಮೊದಲ ನಾಬ್ ಶ್ರುತಿಗೆ, ಎರಡನೆಯದು ತಂಬೂರಿಯ ದನಿಯ ಏರಿಳಿತಕ್ಕೆ. ಬಟನ್‌ಗಳಲ್ಲಿ ತಾಳ, ಡೊಳ್ಳಿನ ಪೆಟ್ಟು, ದಮ್ಮಡಿಯ ಸದ್ದು. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಸಾಲು. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇದೇ ತಾಲ್ಲೂಕಿನಲ್ಲಿದೆ. ಫೆಬ್ರವರಿಯ ಜಯಂತಿಗೆ ಬೇರೆ ರಾಜ್ಯಗಳಿಂದಲೂ ಲಂಬಾಣಿ ಜನ ಅಲ್ಲಿ ಸೇರುತ್ತಾರೆ. ಅಲ್ಲಿಯ ಭಜನೆಯ ನಗಾರಿ ಮತ್ತು ಕಂಚಿನ ತಟ್ಟೆಯ ಪೆಟ್ಟುಗಳನ್ನು ತಾಂಡಾದ ಗೆಳೆಯರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿ, ಹುಡುಗ ಈ ನಾಲ್ಕು ಬಟನ್‌ಗಳಿಗೆ ಕೂರಿಸಿದ್ದಾನೆ. ಅಂಗಡಿಯ ಕಂಟ್ರೋಲರ್ ಜೊತೆಗೆ ಬರುವ ದನಿಗಳ ಪಟ್ಟಿಯಲ್ಲಿ ಇವು ಯಾವುದೂ ಇರುವುದಿಲ್ಲ. ಪೆಟ್ಟಿಗೆಯನ್ನು ತನ್ನ ಅಳತೆಗೆ ಮಾಡಿಸಿಕೊಂಡವನು ದನಿಗಳನ್ನೂ ತನ್ನ ಊರಿನಿಂದ ಆರಿಸಿಕೊಳ್ಳುತ್ತಾನೆ.

ಹಿರಿಯ ಭಜನೆಯವರೊಬ್ಬರು ಸ್ವಲ್ಪ ಹೊತ್ತು ನೋಡಿ, “ನಮ್ಮ ಪೆಟ್ಟಿಗೆ ತೆಗ್ದು ಇದನ್ನ ಇಡ್ತೀಯೇನಪ್ಪ?” ಎಂದು ಕೇಳಿದರು. “ಇಲ್ಲಜ್ಜ, ಎರಡೂ ಇರ್ತಾವು” ಎಂದ ಹುಡುಗ. ಅದು ಸರಿಯಾದ ಉತ್ತರ. ಜೀವಂತ ತಾಳ ಹಾಕುವ ಕೈ ಇರುವಾಗ ಯಂತ್ರದ ತಾಳ ಬೇಡ. ತಬಲಾದವನು ಬಾರದ ದಿನ, ಕಲಿಯುವ ಮಕ್ಕಳು ಒಬ್ಬರೇ ಅಭ್ಯಾಸ ಮಾಡುವ ಹೊತ್ತು, ನಾಟಕಕ್ಕೆ ಗುಡುಗಿನ ಸದ್ದು ಬೇಕಾದಾಗ ಇದು ಕೆಲಸಕ್ಕೆ ಬರುತ್ತದೆ.

ಕೂಲಿ ಲೆಕ್ಕ ಹಾಕಿದರೆ ಸಿದ್ಧ ಪ್ಲಾಸ್ಟಿಕ್ ಕಂಟ್ರೋಲರಿಗಿಂತ ಇದು ಅಗ್ಗವೇನಲ್ಲ, ಅದನ್ನು ಮುಚ್ಚಿಟ್ಟು ಹೊಗಳುವುದು ತಪ್ಪು. ಆದರೆ ಕೊಟ್ಟ ದುಡ್ಡಿನ ಹೆಚ್ಚು ಪಾಲು ಊರಿನಲ್ಲೇ ಉಳಿಯುತ್ತದೆ, ಕೆಟ್ಟರೆ ಊರಿನಲ್ಲೇ ರಿಪೇರಿಯಾಗುತ್ತದೆ. ಸಿದ್ಧ ಬಾಗಿಲು, ಕಾರ್ಖಾನೆಯ ಪೀಠೋಪಕರಣ ಬಂದಮೇಲೆ ಕೆಲಸ ಕಡಿಮೆಯಾದ ಬಡಗಿಗಳು ಪ್ರತಿ ಪೇಟೆಯಲ್ಲೂ ಇದ್ದಾರೆ. ಸರ್ಕ್ಯೂಟ್ ಕಟ್ಟಲು ಬಂದೂ ಅದನ್ನು ಶೂ ಡಬ್ಬಿಯಲ್ಲಿಟ್ಟುಕೊಂಡ ಹುಡುಗ ಹುಡುಗಿಯರು ಪ್ರತಿ ಪಾಲಿಟೆಕ್ನಿಕ್ಕಿನಲ್ಲೂ ಇದ್ದಾರೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿಲ್ಲ.

ಚನ್ನಗಿರಿಯಲ್ಲಾಗಲಿ ಜಗಳೂರಿನಲ್ಲಾಗಲಿ ಹೊನ್ನಾಳಿಯಲ್ಲಾಗಲಿ ಇಂಥದ್ದೊಂದು ಮಾಡಿಸುವ ಮನಸ್ಸಿದ್ದವರಿಗೆ ನನ್ನ ಮಾತು ಇಷ್ಟು. ಬಡಗಿಯ ಬಳಿ ಹೋಗುವಾಗ ಬರೀ ನಕ್ಷೆ ಒಯ್ಯಬೇಡಿ. ನಾಬ್, ಬಟನ್, ಫೇಡರ್, ಕೇಬಲ್ಲಿನ ತುದಿ ಎಲ್ಲವನ್ನೂ ಒಯ್ಯಿರಿ, ಅವರು ಕೈಯಲ್ಲಿ ಹಿಡಿದು ಅಳೆಯಲಿ. ತೂತುಗಳ ಗುರುತನ್ನು ಕಾಗದದ ಮೇಲೆ ನಿಜ ಅಳತೆಗೆ ಮುದ್ರಿಸಿ ಮರಕ್ಕೆ ಅಂಟಿಸಿ. ಒಂದು ರದ್ದಿ ಹಲಗೆಯ ಮೇಲೆ ಮೊದಲು ಮಾಡಿ ನೋಡಲು ಅವರಿಗೆ ಸಮಯವನ್ನೂ ಅದರ ಕೂಲಿಯನ್ನೂ ಕೊಡಿ. ಪೆಟ್ಟಿಗೆಯ ಒಳಗೆ, ಅಡಿಹಲಗೆಯ ಮೇಲೆ, ಮಾಡಿದ ಆಚಾರ್ರ ಹೆಸರನ್ನೂ ಊರನ್ನೂ ತಾರೀಕನ್ನೂ ತಪ್ಪದೆ ಬರೆಸಿ.